ಮಾವನ ಬೆಳ್ಳಿ ಈಡು

ನಮ್ಮ ಮಾವನ ಕೋವಿಯಿಂದ ಒಂದು ಈಡು ಹಾರಿತೆಂದರೆ ಮನೆಯಲ್ಲಿ ಒಂದು ಬೆಳ್ಳಿ ಲೋಟ ಕಡಿಮೆಯಾಯಿತೆಂದೇ ಅರ್ಥ! ಉತ್ಪ್ರೇಕ್ಷೆ ಎನ್ನಬೇಡಿ. ನಮ್ಮ ಕಡೆ ಈಡುಗಾರರಿಗೇನೂ ಬರವಿರಲಿಲ್ಲ. ಹಂದಿಗೆ ಹೊಡೆದವರಿದ್ದರು, ಮೊಲಕ್ಕೆ ಹೊಡೆದವರಿದ್ದರು, ಹಂದಿಗೆ ಗುರಿಯಿಟ್ಟು ಪಕ್ಕದ ಮನೆಯ ನಾಯಿಗೆ ಹೊಡೆದವರೂ ಇದ್ದರು. ಆದರೆ ಮನೆಯ ಬೆಳ್ಳಿಯನ್ನೆಲ್ಲ ಕರಗಿಸಿ, ಎರಕ ಹೊಯ್ದು ಗುಂಡು ಮಾಡಿ, ಅದನ್ನು ಸ್ವಂತ ಮನೆಯ ಹಂಚಿನ ಮಾಡಿಗೇ ಹೊಡೆದವರು ಇಡೀ ಜಿಲ್ಲೆಯಲ್ಲಿ ನಮ್ಮ ಮಾವ ಒಬ್ಬರೇ. ಅಂಥವರ ಮನೆಯಲ್ಲಿ ಮದುವೆಯ ಪ್ರಾಯಕ್ಕೆ ಬಂದ ಹುಡುಗಿಯಾಗಿ ಕುಳಿತಿರುವುದೆಂದರೆ ಏನು ಗತಿ ಎಂದು ನೀವೇ ಊಹಿಸಿಕೊಳ್ಳಿ!

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಊರಿನಲ್ಲಿ ದೊಡ್ಡ ಗುತ್ತಿನ ಮನೆ, ಗದ್ದೆ, ಗೇಣಿ ಒಕ್ಕಲು ಎಲ್ಲ ಇದ್ದವರು. ಭೂಮಸೂದೆ ಬಂದು ಗದ್ದೆಗಳು ಉಳುವವರ ಪಾಲಾದ ಮೇಲೆ, "ಇನ್ನು ಇಲ್ಲಿ ಕೂತು ಎಂತ ಮಾಡುವುದು? ತೆಂಗಿನಮರ ನೋಡಿಕೊಂಡು ಆಕಳಿಸುವುದಾ?" ಎಂದು ಎದ್ದು ಮಂಗಳೂರಿಗೆ ಬಂದುಬಿಟ್ಟರು. ಬಿಕರ್ನಕಟ್ಟೆಯಲ್ಲಿ ಒಂದು ಹಂಚಿನ ಮನೆ ಕೊಂಡರು. ಪೇಟೆಯಲ್ಲಿ ನೆಂಟರೊಬ್ಬರ ಜೊತೆ ಹೋಟೆಲು ತೆರೆದು ಗಲ್ಲಾದಲ್ಲಿ ಕುಳಿತರು. ಊರಿನಿಂದ ಅವರು ತಂದದ್ದು ಒಂದು ಪೆಟ್ಟಿಗೆ ಬೆಳ್ಳಿ ಸಾಮಾನು, ಅಜ್ಜನ ಕಾಲದ ಒಂದು ಕೇಪಿನ ಕೋವಿ, ಮತ್ತೆ ಮಾಮಿ. ಮಾಮಿ ಎಂದರೆ ಅವರ ಹೆಂಡತಿ. ಇವುಗಳಲ್ಲಿ ಮಾವ ದಿನಾ ಮುಟ್ಟಿ ನೋಡಿ, ಎಣ್ಣೆ ಹಚ್ಚಿ, ಯೋಗಕ್ಷೇಮ ವಿಚಾರಿಸುತ್ತಿದ್ದದ್ದು ಕೋವಿಯದ್ದು ಮಾತ್ರ.

ನಾನು ಕಾಲೇಜು ಓದಲೆಂದು ಅವರಲ್ಲಿಗೆ ಬಂದು, ಓದು ಮುಗಿದ ಮೇಲೂ ಅಲ್ಲೇ ಉಳಿದವಳು. ಅವರಿಗೂ ಒಬ್ಬಳು ಮಗಳಿದ್ದಳು, ನನಗಿಂತ ಸ್ವಲ್ಪ ದೊಡ್ಡವಳು. ನಾಲ್ಕು ವರ್ಷ ತುಂಬುವ ಮೊದಲೇ ಜ್ವರ ಬಂದು ತೀರಿಕೊಂಡಳು. ಮತ್ತೆ ಮಕ್ಕಳಾಗಲಿಲ್ಲ. ಅವಳ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವಳಿಗೆಂದು ಹೊಲಿಸಿಟ್ಟಿದ್ದ ಫ್ರಾಕುಗಳಲ್ಲಿ ನಾನು ಬೆಳೆದೆ ಎಂಬುದು ಅಮ್ಮ ಹೇಳಿ ನನಗೆ ಗೊತ್ತಿತ್ತು, ಅಷ್ಟೆ. ಮಾಮಿ ನನ್ನನ್ನು ಮಗಳಂತೆಯೇ ನೋಡಿಕೊಂಡರು. ಮಾವನೂ ನೋಡಿಕೊಂಡರು, ಕೋವಿಯ ಕೆಲಸ ಮುಗಿದ ಮೇಲೆ ಪುರುಸೊತ್ತು ಇದ್ದರೆ.

ಈಗ ಕೇಳಿ. ಪೇಟೆಗೆ ಬಂದವರಿಗೆ ಹೊಡೆಯಲು ಒಂದು ಪ್ರಾಣಿ ಬೇಡವೇ? ಬಿಕರ್ನಕಟ್ಟೆಯಲ್ಲಿ ಹಂದಿಯೂ ಇಲ್ಲ, ಮೊಲವೂ ಇಲ್ಲ. ಇರುವುದು ಕಾಗೆ ಮತ್ತು ಸಿಟಿ ಬಸ್ಸು. ಆದರೂ ಮಾವ ಭಾನುವಾರ ಬಂತೆಂದರೆ ಬಂದರಿಗೆ ಹೋಗಿ, ಮೀನಿನ ಬಲೆಗೆ ಕಟ್ಟುವ ಸೀಸದ ಮಣಿಗಳನ್ನು ತಂದು, ಅಡುಗೆಮನೆಯ ಒಲೆಯಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು ಗುಂಡು ಮಾಡುವರು. ಮಾಮಿಯ ಸೌಟುಗಳು ಒಂದೊಂದಾಗಿ ಹಾಳಾದವು. ಸಾಂಬಾರು ಬಡಿಸಲು ಕೊನೆಗೆ ತೆಂಗಿನ ಗೆರಟೆಯ ಸೌಟು ಬಂತು.

"ಯಾರಿಗೆ ಹೊಡೆಯಲಿಕ್ಕೆ ಇಷ್ಟು ಗುಂಡು?" ಎಂದು ನಾನು ಒಮ್ಮೆ ಕೇಳಿದೆ.

"ಇರಲಿ ಮಾರಾಯ್ತಿ. ಬೇಕಾದಾಗ ಇಲ್ಲ ಅಂತ ಆಗ್ಬಾರದು" ಎಂದರು ಮಾವ, ಮದುವೆಮನೆಗೆ ಉಪ್ಪಿನಕಾಯಿ ಹಾಕಿಡುವವರ ಹಾಗೆ.

ಬೇಕಾದ ಕಾಲ ಬಂದೇ ಬಂತು. ನನ್ನ ಓದು ಮುಗಿದು ಸಂಬಂಧ ನೋಡಲು ಶುರುಮಾಡಿದ ವರ್ಷ, ಮೂರ್ಸಂಜೆಯ ಹೊತ್ತಿಗೆ ಅಟ್ಟದ ಮೇಲೆ ಶಬ್ದ ಕೇಳತೊಡಗಿತು. ದಡಬಡ ಎನ್ನುವುದು, ಸ್ವಲ್ಪ ಹೊತ್ತು ಸುಮ್ಮನಿರುವುದು, ಮತ್ತೆ ಪುಟ್ಟ ಹೆಜ್ಜೆಯಲ್ಲಿ ಈ ತುದಿಯಿಂದ ಆ ತುದಿಗೆ ಓಡುವುದು. ಅದೇ ಸಮಯಕ್ಕೆ ಸರಿಯಾಗಿ ನನ್ನ ಸಂಬಂಧಗಳೂ ಒಂದೊಂದಾಗಿ ಮುರಿಯತೊಡಗಿದವು. ಒಬ್ಬನಿಗೆ ದುಬೈಯಿಂದ ರಜೆ ಸಿಗಲಿಲ್ಲ. ಒಬ್ಬನ ಅಜ್ಜಿ ಸರಿಯಾಗಿ ನಿಶ್ಚಯದ ವಾರವೇ ತೀರಿಕೊಂಡರು. ಇನ್ನೊಬ್ಬನ ಜಾತಕ ನನ್ನ ಜಾತಕದ ಮುಖವನ್ನೇ ನೋಡಲು ಒಪ್ಪಲಿಲ್ಲ.

ಮಾವ ಗಲ್ಲಾದಲ್ಲಿ ಕುಳಿತು ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು. ಇದು ಕುಲೆಯದ್ದೇ ಉಪದ್ರ! ಕುಲೆ ಎಂದರೆ ತೀರಿಹೋದವರು. ದೆವ್ವ ಎಂದರೆ ನಮ್ಮವರಿಗೆ ಸಿಟ್ಟು ಬರುತ್ತದೆ, ಯಾಕೆಂದರೆ ಕುಲೆಗಳು ಎಷ್ಟಾದರೂ ಯಾರದ್ದಾದರೂ ಮನೆಯವರು. ಆದರೆ ಇದು ನಮ್ಮ ಮನೆಯದ್ದಲ್ಲ, ಈ ಮನೆ ಮಾರಿದ ಹಳೆಯ ಯಜಮಾನರದ್ದು ಎಂಬುದು ಮಾವನ ವಾದ. ಅವರು ಮನೆ ಮಾರಿದ ವರ್ಷವೇ ತೀರಿಕೊಂಡಿದ್ದರಂತೆ. ಮಾರಿದ್ದಕ್ಕೆ ಈಗ ಹೊಟ್ಟೆ ಉರಿಯುತ್ತಿದೆಯಂತೆ!

ಅವತ್ತು ಸಂಜೆ ಶಬ್ದ ಕೇಳಿದ ಕೂಡಲೇ ಮಾವ ಚಾವಡಿಯ ನಡುವೆ ನಿಂತು, ತಲೆಯೆತ್ತಿ, ಗಿರಾಕಿಗೆ ಚಿಲ್ಲರೆ ಇಲ್ಲವೆನ್ನುವ ದನಿಯಲ್ಲಿ ಹೇಳಿದರು:

"ಹೋಗಿ ಮಾರಾಯ್ರೇ! ರಿಜಿಸ್ಟ್ರಿ ಆಗಿದೆ. ಇನ್ನೆಂತ ಉಂಟು ನಿಮಗೆ ಇಲ್ಲಿ?"

ಹೆಜ್ಜೆ ಈ ತುದಿಯಿಂದ ಆ ತುದಿಗೆ ಓಡಿತು. ರಿಜಿಸ್ಟ್ರಿಗೆ ಹೆದರುವ ಜಾತಿಯದಲ್ಲ! ಮಾವ ಕೋವಿ ತಂದರು. ನಳಿಗೆಗೆ ಮದ್ದು ಸುರಿದು, ಸೀಸದ ಗುಂಡು ಹಾಕಿ, ಜಡಿದು, ಮೇಲಕ್ಕೆತ್ತಿ ಬಿಟ್ಟೇ ಬಿಟ್ಟರು. ಕಿವಿ ಗುಂಯ್ ಎಂದಿತು. ಚಾವಡಿಯ ತುಂಬ ಹೊಗೆ. ಹೊಗೆ ಕರಗಿದ ಮೇಲೆ ನೋಡಿದರೆ ಅಟ್ಟದ ಹಲಗೆಗಳ ಸಂದಿನಾಚೆ ಮಾಡಿನಲ್ಲಿ ಒಂದು ತೂತು, ತೂತಿನಲ್ಲಿ ಒಂದು ನಕ್ಷತ್ರ. ಊರೂರಿಗೆ ಹಂಚು ಕಳಿಸುವ ಮಂಗಳೂರಿನಲ್ಲಿ ಕುಳಿತು ನಾವು ಪಾತ್ರೆ ಇಟ್ಟು ಸೋರುವ ನೀರು ಹಿಡಿಯುವ ದಿನ ಬಂತಲ್ಲ ಎಂದು ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ. ಮರುದಿನ ಸಂಜೆ ಅದೇ ಹೆಜ್ಜೆ, ಅದೇ ಓಟ.

ಆಗ ನಡೆಯಿತು ನೋಡಿ ಆ ಮನೆಯ ಇತಿಹಾಸದಲ್ಲೇ ದೊಡ್ಡ ಆಶ್ಚರ್ಯ. ಪೊರಕೆಯ ಒಂದು ಕಡ್ಡಿ ಮುರಿದರೆ ವಾರವಿಡೀ ಶೋಕ ಆಚರಿಸುವ ಮಾಮಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸೀಸ ಹೊಡೀಬೇಡಿ ಇವರೇ. ಸೀಸ ತಾಗುವುದಿಲ್ಲ ಅವಕ್ಕೆ. ಬೆಳ್ಳಿ ಆಗ್ಬೇಕು" ಎಂದರು. ಹೇಳಿದ್ದು ಮಾತ್ರವಲ್ಲ, ಒಳಗೆ ಹೋಗಿ ಪೆಟ್ಟಿಗೆ ತೆಗೆದು ಒಂದು ಬೆಳ್ಳಿ ಲೋಟವನ್ನು ತಂದು ಮಾವನ ಕೈಯಲ್ಲಿಟ್ಟರು!

ನಾನು ಕೈಚೆಲ್ಲಿಬಿಟ್ಟೆ. ಒಬ್ಬರಿಗೆ ಮರುಳಾದರೆ ಇನ್ನೊಬ್ಬರು ನೋಡಿಕೊಳ್ಳಬಹುದು. ಇಬ್ಬರಿಗೂ ಒಟ್ಟಿಗೆ ಆದರೆ?

ಬೆಳ್ಳಿ ಕರಗಿಸುವುದು ಸೀಸ ಕರಗಿಸಿದ ಹಾಗಲ್ಲ ಎಂಬುದು ಮಾವನಿಗೆ ಗೊತ್ತಿರಲಿಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಲೋಟವನ್ನಿಟ್ಟು, ಒಲೆಗೆ ಗೆರಟೆಯ ಕೆಂಡ ತುಂಬಿ, ಊದುಕೊಳವೆಯಿಂದ ಊದಿಯೇ ಊದಿದರು. ಮುಖ ಕೆಂಪಾಯಿತು, ಕಣ್ಣು ಮೇಲಕ್ಕೆ ಹೋಯಿತು. ಕೊನೆಗೆ ಏನೋ ಕರಗಿ ಬೂದಿಗೆ ಇಳಿಯಿತು. "ಬಂತು! ಬಂತು!" ಎಂದು ಮಾವ ಕುಣಿದರು. ಬಂದದ್ದು ಪಾತ್ರೆ! ಕರಗಿಹೋದ ಪಾತ್ರೆಯ ನಡುವೆ ಲೋಟ ಮಾತ್ರ ಏನೂ ಆಗದವರಂತೆ ನೆಟ್ಟಗೆ ನಿಂತಿತ್ತು.

ಆಮೇಲೆ ಮಾವ ತಮಗೆ ಗುರುತಿನ ಆಚಾರಿಯೊಬ್ಬರ ಅಂಗಡಿಯಲ್ಲಿ ನಾಲ್ಕು ದಿನ ಕುಳಿತು ಚಿನ್ನಬೆಳ್ಳಿಯ ಕೆಲಸದ ಕ್ರಮ ನೋಡಿಕೊಂಡು ಬಂದರು. ಲೋಹ ಕರಗಿಸುವ ಮಣ್ಣಿನ ಮೂಸೆ ಬಂತು, ಗಾಳಿ ಊದುವ ತಿದಿ ಬಂತು, ಬಚ್ಚಲುಮನೆಯ ಒಲೆ ಕುಲುಮೆಯಾಯಿತು. ನಾವು ತಣ್ಣೀರು ಸ್ನಾನಕ್ಕೆ ಬಿದ್ದೆವು. ನೀರು ಕಾಯಿಸಲು ಹೋದರೆ, "ಈಗ ಬೇಡ, ಒಳಗೆ ಬೆಳ್ಳಿ ಉಂಟು" ಎನ್ನುವರು. ಹಿಂದಿನ ಕಾಲದ ರಾಜರೂ ಇಷ್ಟು ವೈಭವದಲ್ಲಿ ತಣ್ಣೀರು ಮಿಂದಿರಲಿಕ್ಕಿಲ್ಲ!

ಹಾಗೆ ಮಾಡಿದ ಮೊದಲನೆಯ ಬೆಳ್ಳಿ ಗುಂಡು ನಳಿಗೆಯ ಅರ್ಧದಲ್ಲಿ ಸಿಕ್ಕಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ವಾರವಿಡೀ ಕೋವಿ ಬಾಯಿಗೆ ಲಾಡು ಹಾಕಿಕೊಂಡ ಮದುಮಗನಂತೆ ಮೂಲೆಯಲ್ಲಿ ನಿಂತಿತು. ಅದನ್ನು ಕುಟ್ಟಿ ಹೊರಗೆ ತೆಗೆದು, ಎರಡನೆಯದನ್ನು ಉಜ್ಜಿ ಉಜ್ಜಿ ಹದಮಾಡಿದರು. ಅದು ಹಾರಿತು. ಶಬ್ದ ಜೋರಾಯಿತು, ತೂತು ದೊಡ್ಡದಾಯಿತು. ಅಟ್ಟದ ಮೇಲೆ ಎರಡು ದಿನ ಸದ್ದಿಲ್ಲ.

"ನೋಡಿದೆಯಾ? ಬೆಳ್ಳಿ ಅಂದ್ರೆ ಬೆಳ್ಳಿ!" ಎಂದು ಮಾವ ಮೀಸೆ ತಿರುವಿದರು.

ಮೂರನೆಯ ಸಂಜೆ ಹೆಜ್ಜೆ ಕೇಳಿದಾಗ ಮಾವನ ಮುಖ ಸಣ್ಣದಾಯಿತು. ಮಾಮಿಯ ಮುಖ ಮಾತ್ರ ಅರಳಿದ ಹಾಗೆ ನನಗೆ ಕಂಡಿತು. ನನಗೇ ಮಂಡೆ ಸರಿಯಿಲ್ಲ ಎಂದುಕೊಂಡು ಸುಮ್ಮನಾದೆ.

ಹೀಗೆ ಒಂದೊಂದೇ ಸಾಮಾನು ಹೋಯಿತು. ಲೋಟಗಳು ಮುಗಿದವು, ಪನ್ನೀರುದಾನಿ ಹೋಯಿತು, ಕುಂಕುಮದ ಭರಣಿ ಹೋಯಿತು, ಅಜ್ಜ ಊಟ ಮಾಡುತ್ತಿದ್ದ ಹರಿವಾಣ ಹೋಯಿತು. ಪ್ರತಿ ಸಲವೂ ಮಾಮಿಯೇ ಪೆಟ್ಟಿಗೆ ತೆಗೆದು ಕೊಡುವರು. ಕೊಡುವ ಮೊದಲು ಸೆರಗಿನಿಂದ ಚೆನ್ನಾಗಿ ಒರೆಸುವರು. ಕರಗಿಸಲಿಕ್ಕಿರುವುದನ್ನು ಒರೆಸುವುದು ಯಾಕೆ? ಕೇಳಿದರೆ ಇನ್ನೊಮ್ಮೆ ಒರೆಸುವರು. ಗುರುವಾರ ಗುರುವಾರ ಪಕ್ಕದ ಮನೆಯ ಬಾಯಮ್ಮನ ಜೊತೆ ಬಾಲಯೇಸುವಿನ ಗುಡಿಗೆ ಹೋಗಿ ಮೇಣದಬತ್ತಿ ಹಚ್ಚಿ ಬರುವರು. ನನ್ನ ಮದುವೆಗೆ ಹರಕೆ ಇರಬೇಕೆಂದು ನಾನು ಭಾವಿಸಿದ್ದೆ.

ಆ ಬಾಯಮ್ಮ ಒಂದು ದಿನ ಬೇಲಿಯಾಚೆಯಿಂದ ನನ್ನನ್ನು ಕರೆದು, "ನಿನ್ನ ಮಾವನಿಗೆ ಹೇಳು ಮಗಾ, ಕೋವಿ ಬಿಡುವಾಗ ಮೊದಲು ಒಂದು ಬೆಲ್ ಆದರೂ ಹೊಡೀಲಿಕ್ಕೆ. ನನ್ನ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿವೆ" ಎಂದು ಗೋಗರೆದರು. ಮಾವ ಒಪ್ಪಿದರು. ಅಂದಿನಿಂದ ಪ್ರತಿ ಈಡಿಗೆ ಮೊದಲು ನಾನು ದೇವರ ಕೋಣೆಯ ಗಂಟೆ ಬಾರಿಸಬೇಕಾಯಿತು. ಪದವಿ ಪಡೆದದ್ದು ಸಾರ್ಥಕವಾಯಿತು!

ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಮಾವ ಶಿಸ್ತಿನ ಮನುಷ್ಯ. ಕೋವಿಯ ಜೊತೆ ಗುಂಡಿನ ಡಬ್ಬಿಯನ್ನೂ ಒಪ್ಪಿಸಿದರು. ಪೊಲೀಸರು ಮುಚ್ಚಳ ತೆಗೆದು, ಒಂದು ಗುಂಡನ್ನು ಬೆಳಕಿಗೆ ಹಿಡಿದು, ಹಲ್ಲಿನಲ್ಲಿ ಕಚ್ಚಿ ನೋಡಿ, ಬೆವತರು.

"ಇದು ಎಂತದ್ದು ಯಜಮಾನ್ರೇ?"

"ಗುಂಡು."

"ಬೆಳ್ಳಿಯಲ್ವಾ ಇದು?"

"ಬೆಳ್ಳಿದೇ. ಒಳ್ಳೆ ಬೆಳ್ಳಿ."

"ಯಾರಿಗೆ ಹೊಡೀಲಿಕ್ಕೆ?"

"ನಮಗೆ ಮನೆ ಮಾರಿದವರಿಗೆ."

"ಅವರು ಎಲ್ಲಿದ್ದಾರೆ?"

"ಅವರು ತೀರಿ ಹೋಗಿ ತುಂಬ ಸಮಯ ಆಯ್ತು."

ಪೊಲೀಸರು ಡಬ್ಬಿಯ ಮುಚ್ಚಳವನ್ನು ಗಟ್ಟಿಯಾಗಿ ಮುಚ್ಚಿದರಂತೆ. ಆಮೇಲೆ, "ಕೋವಿ ಇಲ್ಲಿರಲಿ. ಇದನ್ನು ಮದ್ದುಗುಂಡು ಅಂತ ಇಟ್ಟುಕೊಳ್ಳುವುದಾ, ಒಡವೆ ಅಂತ ಇಟ್ಟುಕೊಳ್ಳುವುದಾ ನನಗೆ ಗೊತ್ತಾಗುವುದಿಲ್ಲ. ನೀವು ಮನೆಗೆ ತಗೊಂಡು ಹೋಗಿ, ಕೈ ಮುಗೀತೇನೆ" ಎಂದು ಡಬ್ಬಿಯನ್ನು ಹಿಂದಕ್ಕೆ ಕೊಟ್ಟರು. ಮತ ಎಣಿಸಿ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಶಾಂತಿಯಿತ್ತು. ಚುನಾವಣೆ ಆಗಾಗ ಬರಲಿ ಎಂದು ದೇವರಲ್ಲಿ ಬೇಡಿಕೊಂಡವಳು ಬಹುಶಃ ನಾನೊಬ್ಬಳೇ.

ಕೋವಿ ಮರಳಿ ಬಂದ ವಾರವೇ ಬಜಪೆಯಿಂದ ನನ್ನನ್ನು ನೋಡಲು ಹುಡುಗನ ಕಡೆಯವರು ಬಂದರು. ಒಳ್ಳೆಯ ಸಂಬಂಧ. ಹುಡುಗ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ. ಹುಡುಗನ ತಂದೆ ಎಳನೀರು ಕುಡಿಯುತ್ತಾ, "ನಮಗೆ ಎಂತದೂ ಬೇಡ, ಮನೆತನ ಒಳ್ಳೆದಿದ್ದರೆ ಸಾಕು" ಎನ್ನುತ್ತಿದ್ದರು. ನನ್ನ ಎದೆಯಲ್ಲಿ ಆಸೆ ಚಿಗುರಿತು. ಸರಿಯಾಗಿ ಅದೇ ಗಳಿಗೆಗೆ ಅಟ್ಟದ ಮೇಲೆ ದಡಬಡ! ಮಾವ ಎದ್ದರು. ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಮಾವ ಅತಿಥಿಗಳಿಗೆ ಕೈ ಮುಗಿದು, "ಒಂದು ನಿಮಿಷ, ಈಗ ಬಂದೆ" ಎಂದು ಒಳಗೆ ಹೋಗಿ, ಕೋವಿ ಹಿಡಿದು ಬಂದು, ನನ್ನ ಕಡೆ ತಿರುಗಿ, "ಗಂಟೆ ಬಾರಿಸು ಮಗಾ" ಎಂದರು!

ಹುಡುಗನ ತಂದೆ ಹೋಗುವಾಗ ಗೇಟಿನ ಹತ್ತಿರ ಮಾಮಿಗೆ ಹೇಳಿದ್ದು ಇಷ್ಟು: "ಹುಡುಗಿ ಲಾಯಕ್ಕಿದ್ದಾಳೆ ಅಮ್ಮ. ಆದರೆ ನನ್ನ ಮಗ ಸ್ವಲ್ಪ ಮೆತ್ತಗೆ." ಆ ರಾತ್ರಿ ನಾನು ಊಟ ಮಾಡಲಿಲ್ಲ. ನನಗೆ ಈ ಜನ್ಮದಲ್ಲಿ ಮದುವೆಯಿಲ್ಲ ಎಂದು ಖಚಿತವಾಯಿತು. ಮುಂದೆ ಆಯಿತು, ನೀವು ಗಾಬರಿಯಾಗಬೇಡಿ. ಆದರೆ ಅವತ್ತಿನ ಸಂಕಟ ಅವತ್ತಿಗೆ ಇತ್ತಲ್ಲ!

ಮಾವನಿಗೂ ತುಂಬ ಬೇಜಾರಾಗಿತ್ತು. "ನಿನ್ನ ಮದುವೆ ಆಗುವವರೆಗೆ ನಾನು ಬಿಡುವುದಿಲ್ಲ ಅದನ್ನು" ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದರು. ಮದುವೆ ಮುರಿದದ್ದು ಯಾರಿಂದ ಎಂದು ಹೇಳಲು ಹೊರಟ ನಾನು ಅವರಿಗೆ ಕುಡಿಯಲು ನೀರು ತರಲು ಎದ್ದೆ. ಅವರ ಕಣ್ಣಿನಲ್ಲಿ ನೀರಿತ್ತು.

ಬೆಳ್ಳಿಗೆ ಶಕ್ತಿ ಸಾಲದು ಎಂದು ಮಾವ ಮುಂದಕ್ಕೆ ಹೋದರು. ಪಂಚಲೋಹ! ದೇವರ ವಿಗ್ರಹ ಎರಕ ಹೊಯ್ಯುವ ಲೋಹ. ತಾಮ್ರದ ಚೊಂಬಿನ ಕಂಠ, ಹಿತ್ತಾಳೆಯ ಕೀಲು, ಬೆಳ್ಳಿ, ಸೀಸ, ತಮ್ಮ ಉಂಗುರದಿಂದ ಕೊರೆದ ಒಂದು ಚೂರು ಚಿನ್ನ ಎಲ್ಲ ಸೇರಿಸಿ, ಮಡಿಯುಟ್ಟು, ಬಚ್ಚಲುಮನೆಯಲ್ಲಿ ಕುಳಿತು ಒಂದು ಗುಂಡು ಮಾಡಿದರು. ಮಾಡಿ ತಣ್ಣಗಾಗಲು ಇಟ್ಟು ಹೋಟೆಲಿಗೆ ಹೋದರು. ಸಂಜೆ ಬಂದು ನೋಡಿದರೆ ಗುಂಡು ಎಲ್ಲಿ? ಮಾಮಿ ಅದನ್ನು ತೊಳೆದು, ದೇವರ ಕೋಣೆಯಲ್ಲಿ ಬಾಳೆಎಲೆಯ ತುಂಡಿನ ಮೇಲಿಟ್ಟು, ಗಂಧ ಹಚ್ಚಿ, ಹೂವೇರಿಸಿ, ದೀಪ ಬೆಳಗಿ ಆಗಿತ್ತು.

"ಅದು ಈಡಿಗೆ ಮಾಡಿದ್ದು ಮಾರಾಯ್ತಿ!"

"ಪಂಚಲೋಹ ಅಲ್ವಾ? ಆರತಿ ಆಯ್ತು ಈಗ. ಇನ್ನು ಅದನ್ನು ಕೋವಿಗೆ ಹಾಕಿದರೆ ನಾನು ತವರಿಗೆ ಹೋಗ್ತೇನೆ."

ಆರತಿ ಮಾಡಿಸಿಕೊಂಡ ದೇವರನ್ನು ನಳಿಗೆಗೆ ತುರುಕುವ ಧೈರ್ಯ ಯಾರಿಗುಂಟು? ಆ ಗುಂಡು ನಮ್ಮ ದೇವರ ಕೋಣೆಯಲ್ಲಿ ಕಾಯಂ ಆಯಿತು. ಹಬ್ಬದ ದಿನ ಅದಕ್ಕೂ ಪಾಯಸ.

ಕೊನೆಯದು ಚಿನ್ನ. ಆಗ ಚಿನ್ನದ ಕಾಯ್ದೆ ಬಿಗಿಯಾಗಿತ್ತು. ಒಡವೆ ಇಟ್ಟುಕೊಳ್ಳಬಹುದು, ಗಟ್ಟಿ ಇಟ್ಟುಕೊಳ್ಳುವಂತಿಲ್ಲ. ಕೊಲ್ಲಿಯಿಂದ ಕಳ್ಳದಾರಿಯಲ್ಲಿ ಚಿನ್ನ ಬರುತ್ತಿದ್ದ ಕಾಲ. ಮಾವ ಆಚಾರಿಯವರ ಹತ್ತಿರ ಹೋಗಿ ಚಿನ್ನದ ಗುಂಡಿನ ವಿಷಯ ಎತ್ತಿದಾಗ ಅವರು ಅಂಗಡಿಯ ಬಾಗಿಲನ್ನೇ ಮುಚ್ಚಿದರು. "ನಿಮ್ಮ ಕುಲೆ ನಿಮ್ಮನ್ನು ಮಾತ್ರ ಹಿಡಿದುಕೊಂಡಿದೆ. ಕಾಯ್ದೆಯವರು ನಮ್ಮಿಬ್ಬರನ್ನೂ ಹಿಡೀತಾರೆ. ಒಂದು ಕೆಲಸ ಮಾಡಿ. ಒಮ್ಮೆ ಜೋಯಿಸರಲ್ಲಿ ಪ್ರಶ್ನೆ ಇಟ್ಟು ನೋಡಿ, ಅದು ಯಾರು ಅಂತಲಾದರೂ ಗೊತ್ತಾಗಲಿ. ಯಾರು ಅಂತ ಗೊತ್ತಿಲ್ಲದೆ ಹೊಡೀತಾ ಇದ್ದೀರಲ್ಲ!" ಎಂದರಂತೆ.

ಮಾವ ಒಪ್ಪಿದರು. ಹಳೆಯ ಯಜಮಾನನ ಹೆಸರು ಜೋಯಿಸರ ಬಾಯಿಂದಲೇ ಬರಲಿ ಎಂದು ಅವರಿಗೆ ಹಟ.

ಒಂದು ಬೆಳಿಗ್ಗೆ ಜೋಯಿಸರು ನಮ್ಮ ಚಾವಡಿಯಲ್ಲಿ ಮಣೆ ಹಾಕಿಸಿ ಕುಳಿತು, ಕವಡೆ ಹರಡಿ, ಎಣಿಸಿ, ಮತ್ತೆ ಹರಡಿ, ಕೊನೆಗೆ ತಲೆಯೆತ್ತಿದರು. ಮಾಡಿನ ತೂತುಗಳಿಂದ ಬಿಸಿಲು ಅವರ ಮಣೆಯ ಸುತ್ತ ಅಲ್ಲಲ್ಲಿ ಬಿದ್ದಿತ್ತು.

"ಹೊರಗಿನದ್ದಲ್ಲ ಇದು. ಒಳಗಿನದ್ದೇ. ಸಣ್ಣದರಲ್ಲಿ ಹೋದ ಹೆಣ್ಣುಮಗು ಉಂಟಾ ಮನೆಯಲ್ಲಿ?"

ಮಾಮಿ ಹೌದೆಂದು ತಲೆಯಾಡಿಸಿದರು.

"ಇದ್ದಿದ್ದರೆ ಈಗ ಮದುವೆಯ ಪ್ರಾಯ. ಅವಳದ್ದು ಆಗದೆ ಅವಳಿಗಿಂತ ಸಣ್ಣವಳದ್ದು ಹೇಗೆ ಆಗುವುದು ಯಜಮಾನ್ರೇ? ಅದಕ್ಕೇ ನೆನಪು ಮಾಡ್ತಾ ಇದ್ದಾಳೆ. ಬರುವ ಆಟಿ ತಿಂಗಳಲ್ಲಿ ಅವಳಿಗೊಂದು ಮದುವೆ ಮಾಡಿಸಿಬಿಡಿ."

ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮಲ್ಲಿ ಇದು ಇದೆ. ಮಕ್ಕಳಾಗಿದ್ದಾಗ ತೀರಿಹೋದವರು ನಮ್ಮ ಲೆಕ್ಕದಲ್ಲಿ ಬೆಳೆಯುತ್ತಲೇ ಇರುತ್ತಾರೆ. ಪ್ರಾಯಕ್ಕೆ ಬಂದಾಗ, ಬದುಕಿದ್ದವರ ಮದುವೆ ನಡೆಯದ ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ, ಅವರ ಹಾಗೆಯೇ ತೀರಿಹೋದ ಗಂಡನ್ನೋ ಹೆಣ್ಣನ್ನೋ ಹುಡುಕಿ, ನೆಂಟರನ್ನು ಕರೆದು, ಮದುವೆ ಮಾಡಿ, ಹುಡುಗಿಯನ್ನು ಗಂಡನ ಮನೆಗೆ ಕಳಿಸಿಕೊಡುತ್ತಾರೆ. ಅಲ್ಲಿಗೆ ಅವಳು ಆ ಮನೆಯವಳು.

ಮಾವ ಗೋಡೆಗೆ ಒರಗಿಸಿದ್ದ ಕೋವಿಯನ್ನು ನೋಡಿದರು. ಮಾಡಿನ ತೂತುಗಳನ್ನು ನೋಡಿದರು. ಆಮೇಲೆ ಮಾಮಿಯನ್ನು ನೋಡಿದರು. ಮಾಮಿಯ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಿನಗೆ ಗೊತ್ತಿತ್ತಾ?" ಎಂದರು ಮಾವ.

"ಹೆಜ್ಜೆ ಕೇಳಿದ ದಿನವೇ ಗೊತ್ತಾಯ್ತು."

"ಮತ್ತೆ... ನಾನು ಇಷ್ಟು ಸಮಯ ಯಾರ ಮೇಲೆ ಈಡು ಬಿಟ್ಟದ್ದು? ನೀನು ಸುಮ್ಮನೆ ನೋಡಿಕೊಂಡು ಇದ್ದದ್ದಾ?"

"ನಿಮಗೆ ಗುರಿ ಇಲ್ಲ ಅಂತಲೂ ಗೊತ್ತಿತ್ತು" ಎಂದರು ಮಾಮಿ. ಸೆರಗು ಸರಿಮಾಡಿಕೊಂಡು, "ಹೇಗೂ ಹೊಡೆಯುವುದೇ ಆದರೆ ಬೆಳ್ಳಿಯೇ ಹೋಗಲಿ ಅಂತ ಪೆಟ್ಟಿಗೆ ತೆಗೆದೆ. ಅವಳಿಗೆ ಅಂತ ಇಟ್ಟ ಸಾಮಾನು. ಅವಳ ಕಡೆಗೇ ಹೋಯ್ತಲ್ಲ" ಎಂದರು.

ನಗಬೇಕೋ ಅಳಬೇಕೋ ತಿಳಿಯದೆ ನಾನು ಜೋಯಿಸರಿಗೆ ಇನ್ನೊಂದು ಲೋಟ ಕಾಫಿ ತಂದುಕೊಟ್ಟೆ. ಅವರು ಆಗಲೇ ಎರಡು ಕುಡಿದಿದ್ದರು.

ಮಾವ ಆ ದಿನ ಹೋಟೆಲಿಗೆ ಹೋಗಲಿಲ್ಲ. ಏಣಿ ತಂದು ಮಾಡು ಹತ್ತಿ, ತೊಲೆಗಳಿಗೆ ಹೊಕ್ಕಿದ್ದ ಬೆಳ್ಳಿ ಗುಂಡುಗಳನ್ನು ಚೂರಿಯಿಂದ ಕೆದಕಿ ಕೆದಕಿ ತೆಗೆದರು. ಒಡೆದ ಹಂಚು ಬದಲಿಸಲು ಹಂಚಿನ ಕೆಲಸದವನೂ ಬಂದ. ಅಟ್ಟದ ಮೂಲೆಯಲ್ಲಿ ಅವನಿಗೆ ಸಿಕ್ಕಿದ್ದು ಏನೆಂದುಕೊಂಡಿರಿ? ಮರಿ ಹಾಕಿದ್ದ ಒಂದು ಪುನುಗಿನ ಬೆಕ್ಕು! ಮರಿಗಳು ದಡಬಡ ಓಡುತ್ತಿದ್ದವು. ವಿಜ್ಞಾನ ಓದಿದ ನಾನು ಬಿಡುತ್ತೇನೆಯೇ? ಅಂಗಳದಲ್ಲಿ ನಿಂತು, "ಮಾವ, ಬೆಕ್ಕು! ಇಷ್ಟು ದಿನ ಓಡಿದ್ದು ಬೆಕ್ಕು! ಕುಲೆಯೂ ಇಲ್ಲ, ಎಂತದೂ ಇಲ್ಲ!" ಎಂದು ಕೂಗಿಕೊಂಡೆ.

ಮಾವ ಏಣಿಯಿಂದ ಇಳಿದು, ಮೈ ಕೊಡವಿಕೊಂಡು, ನನ್ನನ್ನೇ ನೋಡಿದರು.

"ಬೆಕ್ಕು ಉಂಟು, ಸರಿ. ಅದಕ್ಕೆ ಮಗಳಿಗೆ ಮದುವೆ ಬೇಡ ಅಂತ ಆಯ್ತಾ?"

ನನ್ನ ವಿಜ್ಞಾನ ಅಲ್ಲಿಗೆ ಮುಗಿಯಿತು.

ಆಮೇಲೆ ಮಾವ ಗಂಡು ಹುಡುಕಿದ ರೀತಿಯನ್ನು ನೆನೆದರೆ ಈಗಲೂ ನನಗೆ ಹೊಟ್ಟೆಕಿಚ್ಚು. ನನಗೆ ಬಂದ ಸಂಬಂಧಗಳನ್ನು ಅವರು ಅಷ್ಟು ಕೂಲಂಕಷವಾಗಿ ವಿಚಾರಿಸಿದವರಲ್ಲ! ಒಂದು ಮನೆ ಬೇಡವೆಂದರು, ಅತ್ತೆ ಬಾಯಿಜೋರು. ಇನ್ನೊಂದು ಬೇಡವೆಂದರು, ಹುಡುಗ ಇವಳಿಗಿಂತ ಸಣ್ಣವನು. ಕೊನೆಗೆ ವಾಮಂಜೂರಿನ ಒಂದು ಮನೆ ಒಪ್ಪಿಗೆಯಾಯಿತು. ಅವರ ಹಿರಿಯ ಮಗ ಸಣ್ಣದರಲ್ಲಿ ಗದ್ದೆಯ ಪಕ್ಕದ ಕೆರೆಗೆ ಬಿದ್ದು ತೀರಿಹೋಗಿದ್ದ. ಅವನ ತಮ್ಮ ಮಸ್ಕತ್ತಿನಲ್ಲಿದ್ದ. ಅವನಿಗೂ ಸಂಬಂಧ ಕೂಡಿಬರುತ್ತಿರಲಿಲ್ಲವಂತೆ. ಹುಡುಗನ ತಂದೆ ತಾಯಿ ಹೆಣ್ಣು ಕೇಳಲು ನಮ್ಮಲ್ಲಿಗೆ ಬಂದರು. ಎರಡೂ ಕಡೆಯ ಹಿರಿಯರು ಎದುರುಬದುರು ಕುಳಿತರು.

"ಹುಡುಗ ಎಷ್ಟು ಓದಿದ್ದಾನೆ?" ಎಂದು ಕೇಳಿದರು ಮಾವ, ಗಂಭೀರವಾಗಿ.

"ಎರಡನೇ ಕ್ಲಾಸು."

"ನಮ್ಮವಳನ್ನು ಶಾಲೆಗೆ ಹಾಕಿರಲಿಲ್ಲ."

"ಅಡ್ಡಿಲ್ಲ. ಅವನು ಹೇಳಿಕೊಡ್ತಾನೆ" ಎಂದರು ಹುಡುಗನ ತಾಯಿ. "ಅವನಿಗೆ ಮಗ್ಗಿ ಎಲ್ಲ ಬಾಯಿಪಾಠ ಬರ್ತಿತ್ತು."

ಮಾವ ಅಭ್ಯಾಸಬಲದಿಂದ, "ಜಾತಕದಲ್ಲಿ ಆಯುಷ್ಯ ಹೇಗುಂಟು?" ಎಂದುಬಿಟ್ಟರು. ಹುಡುಗನ ತಂದೆ ನಿಧಾನವಾಗಿ, "ಇನ್ನು ಅದರ ಭಯ ಇಲ್ಲವಲ್ಲ" ಎಂದರು. ಇಬ್ಬರೂ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೇಗೋ ನಕ್ಕರು. ಅಂಥ ನಗುವನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಂಬಂಧ ಗಟ್ಟಿಯಾದದ್ದು ಅಲ್ಲೇ.

ಡಬ್ಬಿಯಲ್ಲಿ ಉಳಿದಿದ್ದ ಗುಂಡುಗಳು, ತೊಲೆಯಿಂದ ಕಿತ್ತ ಗುಂಡುಗಳು, ಎಲ್ಲವನ್ನೂ ಮಾವ ಮೂಸೆಗೆ ಹಾಕಿ ಕರಗಿಸಿದರು. ಬಚ್ಚಲುಮನೆಯ ಕುಲುಮೆ ಹೊತ್ತಿದ್ದು ಅದೇ ಕೊನೆ. ಗಟ್ಟಿಯನ್ನು ಆಚಾರಿಯವರಿಗೆ ಕೊಟ್ಟರು. ಅವರು ಕಾಲುಂಗುರ, ಬಳೆ, ಗೆಜ್ಜೆ, ಸೊಂಟಕ್ಕೆ ಒಂದು ಡಾಬು ಮಾಡಿದರು. "ಅಳತೆ ಎಷ್ಟು ಇಡಲಿ?" ಎಂದು ಕೇಳಿದಾಗ ಮಾವ ಮನೆಗೆ ಬಂದು ನನ್ನನ್ನು ಕರೆದುಕೊಂಡು ಹೋದರು. ನನ್ನ ಕೈಯ ಅಳತೆ, ನನ್ನ ಕಾಲಿನ ಅಳತೆ ತೆಗೆದರು. "ಸ್ವಲ್ಪ ದೊಡ್ಡದಿರಲಿ. ಇವಳಿಗಿಂತ ದೊಡ್ಡವಳು ಅಲ್ವಾ" ಎಂದರು ಮಾವ.

ಮದುವೆ ಆಟಿಯ ಒಂದು ಮಧ್ಯಾಹ್ನ, ನಮ್ಮ ಚಾವಡಿಯಲ್ಲೇ ನಡೆಯಿತು. ಒಂದು ಮಣೆಯ ಮೇಲೆ ಹೊಸ ಸೀರೆ, ರವಕೆಕಣ, ಒಡವೆಗಳು. ಇನ್ನೊಂದರ ಮೇಲೆ ಪಂಚೆ, ಅಂಗಿ, ಮುಂಡಾಸು. ಮಲ್ಲಿಗೆಯ ಚೆಂಡು, ಅಡಿಕೆಯ ಹಿಂಗಾರ, ಎರಡು ಬಾಳೆಎಲೆಗೆ ಬಡಿಸಿದ ಊಟ. ಮಾವ, ಮಾಮಿ ಕೈ ಸೇರಿಸಿ ಧಾರೆಯೆರೆದರು. ಗಟ್ಟಿಮೇಳ ಇರಲಿಲ್ಲ. ಬಾಯಮ್ಮನೂ ಒಳ್ಳೆಯ ಸೀರೆಯುಟ್ಟು ಬಂದು ಮೂಲೆಯಲ್ಲಿ ನಿಂತಿದ್ದರು. ಊಟವಾಯಿತು, ವೀಳ್ಯವಾಯಿತು. ವಾಮಂಜೂರಿನವರು ಸೀರೆ ಒಡವೆಗಳ ಗಂಟನ್ನು ಎದೆಗೆ ಅವಚಿಕೊಂಡು ಎದ್ದರು. ಹೊರಗೆ ಟ್ಯಾಕ್ಸಿ ಕಾಯುತ್ತಿತ್ತು.

ಹೆಣ್ಣು ಕಳಿಸಿಕೊಡುವಾಗ ಹೇಳುವ ಮಾತು ಇರುತ್ತದಲ್ಲ, ಸಣ್ಣವಳು, ತಪ್ಪಿದರೆ ತಿದ್ದಿಕೊಳ್ಳಿ ಎಂದು. ಅದನ್ನು ಮಾಮಿ ಹೇಳಿದರು. ಮಾವ ಕಾರಿನ ಬಾಗಿಲು ಹಾಕಿದ ಮೇಲೆ ಕಿಟಕಿಯ ಹತ್ತಿರ ಬಗ್ಗಿ, ಹುಡುಗನ ತಂದೆಯ ಕೈ ಹಿಡಿದುಕೊಂಡರು.

"ಒಂದು ವಿಷಯ. ದೀಪಾವಳಿಗೆ ಪಟಾಕಿ ಹೊಡೆಯುವಾಗ ಸ್ವಲ್ಪ ದೂರ ಹೋಗಿ ಹೊಡೀರಿ. ಅವಳಿಗೆ ಶಬ್ದ ಅಂದ್ರೆ ಹೆದರಿಕೆ. ಊರಿನಲ್ಲಿ ನಾನು ಕೋವಿ ಮುಟ್ಟಿದ ಕೂಡಲೇ ಓಡಿ ಬಂದು ನನ್ನ ಪಂಚೆಯೊಳಗೇ ಮುಖ ಮುಚ್ಚಿಕೊಳ್ಳುತ್ತಿದ್ದಳು. ನಾನು..."

ಹುಡುಗನ ತಂದೆ, "ನಮ್ಮಲ್ಲಿ ಪಟಾಕಿ ತರುವುದೇ ಇಲ್ಲ. ನೀವು ಚಿಂತೆ ಮಾಡ್ಬೇಡಿ" ಎಂದರು. ಕಾರು ಹೊರಟಿತು. ಮಾವ ಗೇಟಿಗೆ ಹಣೆ ಹಚ್ಚಿ ಅತ್ತರು. ಅವರು ಹಾಗೆ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಒಳಗೆ ಮಾಮಿ ಖಾಲಿ ಮಣೆಯ ಎದುರು ಕುಳಿತಿದ್ದರು. ಹೊಸ ಹಂಚು ಹೊದೆಸಿದ ಮಾಡಿನ ಕೆಳಗೆ ಚಾವಡಿ ಎಂದಿಗಿಂತ ಕತ್ತಲಾಗಿತ್ತು. ನಾನು ತಡೆಯಲಾರದೆ ಕೇಳಿದೆ.

"ಮೊದಲೇ ಗೊತ್ತಿದ್ದರೆ ಮೊದಲೇ ಹೇಳಬಹುದಿತ್ತಲ್ಲ ಮಾಮಿ. ಇಷ್ಟು ಕಾಲ ಯಾಕೆ ಸುಮ್ಮನಿದ್ದಿರಿ?"

"ಹೇಳಿದ್ದರೆ ಆಗಲೇ ಕಳಿಸಿಕೊಡಬೇಕಿತ್ತಲ್ಲ ಮಗಾ" ಎಂದರು ಮಾಮಿ. "ನಾಲ್ಕು ದಿನವಾದರೂ ಮನೆಯಲ್ಲಿ ಓಡಾಡಿಕೊಂಡು ಇರಲಿ ಅಂತ ಇದ್ದೆ."

ನಾನು ಹೋಗಿ ಅವರ ಪಕ್ಕದಲ್ಲಿ ಕುಳಿತುಕೊಂಡೆ.